ಹತ್ತೊಂಬತ್ತು ಸಾವಿರದ ಯಂತ್ರ, ಎಪ್ಪತ್ತನಾಲ್ಕು ಸಾವಿರದ ಲೆಕ್ಕ

ಸೋನಿಯ ಪ್ಲೇಸ್ಟೇಷನ್ ಪೋರ್ಟಲ್ ಭಾರತದ ಅಂಗಡಿಗಳಿಗೆ ಬಂದದ್ದು 2024ರ ಸೆಪ್ಟೆಂಬರ್‌ನಲ್ಲಿ, 18,990 ರೂಪಾಯಿಗೆ. ಎಂಟು ಇಂಚಿನ ಪರದೆ, ಆಚೆ ಈಚೆ ಸೋನಿಯ ಮನೆಯ ಕನ್ಸೋಲ್ ಪ್ಲೇಸ್ಟೇಷನ್ 5ರ (ಪಿಎಸ್5) ಕಂಟ್ರೋಲರನ್ನೇ ಎರಡು ಹೋಳು ಮಾಡಿ ಅಂಟಿಸಿದಂಥ ಹಿಡಿಕೆ. ಕೈಯಲ್ಲಿ ಹಿಡಿದು ಆಡುವ ಕನ್ಸೋಲ್ ಇಷ್ಟಕ್ಕೇ ಸಿಗುತ್ತಲ್ಲ ಎಂದು ಮಕ್ಕಳ ಹುಟ್ಟುಹಬ್ಬಕ್ಕೆ ತಂದರೆ, ಪೆಟ್ಟಿಗೆ ಬಿಚ್ಚಿದ ಹತ್ತೇ ನಿಮಿಷದಲ್ಲಿ ಗುಟ್ಟು ಬಯಲಾಗುತ್ತದೆ. ಅದು ತಾನಾಗಿ ಯಾವ ಆಟವನ್ನೂ ಓಡಿಸುವುದಿಲ್ಲ. ಆಟ ಓಡುವುದು ಟಿವಿ ಪಕ್ಕದಲ್ಲಿರುವ ಪಿಎಸ್5ನಲ್ಲಿ. ಪೋರ್ಟಲ್ ಆ ಚಿತ್ರವನ್ನು ವೈ-ಫೈ ಮೂಲಕ ತರಿಸಿಕೊಂಡು ತೋರಿಸುತ್ತದೆ, ನೀವು ಒತ್ತಿದ ಗುಂಡಿಯ ಸುದ್ದಿಯನ್ನು ವಾಪಸು ಕಳಿಸುತ್ತದೆ, ಅಷ್ಟೇ. ಡಿಸ್ಕ್ ಹಾಕುವ ಪಿಎಸ್5 ಸ್ಲಿಮ್ 2024ರಲ್ಲಿ ಇಲ್ಲಿಗೆ ಬಂದಾಗ 54,990 ರೂಪಾಯಿ ಇತ್ತು. ಎರಡನ್ನೂ ಕೂಡಿದರೆ 73,980.

ಹೊರದೇಶಗಳಲ್ಲಿ ಪಿಎಸ್5 ಇಲ್ಲದೆಯೂ ಪೋರ್ಟಲ್‌ನಲ್ಲಿ ಆಡುವ ದಾರಿಯೊಂದಿದೆ. ಪ್ಲೇಸ್ಟೇಷನ್ ಪ್ಲಸ್‌ನ ಪ್ರೀಮಿಯಂ ಚಂದಾ ಇದ್ದರೆ ಆಟ ಸೋನಿಯ ಸರ್ವರ್‌ನಿಂದಲೇ ಹರಿದುಬರುತ್ತದೆ. ಭಾರತದಲ್ಲಿ ಮಾರುವ ಮೇಲಿನ ದರ್ಜೆ ಡೀಲಕ್ಸ್, ಅದರಲ್ಲಿ ಈ ಕ್ಲೌಡ್ ಸ್ಟ್ರೀಮಿಂಗ್ ಸೇರಿಲ್ಲ. ಅಮೆರಿಕದ ಯೂಟ್ಯೂಬ್ ವಿಮರ್ಶೆ ನೋಡಿ ಬೆಂಗಳೂರಿನಲ್ಲಿ ಕೊಂಡವರು ಎಡವುವುದು ಇಲ್ಲೇ.

ಹ್ಯಾಂಡ್‌ಹೆಲ್ಡ್ ಕನ್ಸೋಲಿನ ಬೆಲೆ ಎಂದರೆ ಪೆಟ್ಟಿಗೆಯ ಮೇಲಿನ ಅಂಕಿ ಮಾತ್ರ ಅಲ್ಲ. ಅದು ಓಡಲು ಜೊತೆಗೆ ಇನ್ನೇನು ಬೇಕು, ಮಾರುವ ದಿನ ಎಷ್ಟು ಹಿಂದಕ್ಕೆ ಬರುತ್ತದೆ ಎಂಬ ಎರಡನ್ನೂ ಸೇರಿಸಬೇಕು. ಲೆಕ್ಕಕ್ಕೆ ಹೀಗೆ ಹಿಡಿಯೋಣ: 70,000ಕ್ಕೆ ಕೊಂಡ ಯಂತ್ರ ಎರಡು ವರ್ಷದ ನಂತರ 38,000ಕ್ಕೆ ಹೋದರೆ ಖರ್ಚು 32,000, ಅಂದರೆ ತಿಂಗಳಿಗೆ 1,333 ರೂಪಾಯಿ. 30,000ಕ್ಕೆ ಕೊಂಡದ್ದು 20,000ಕ್ಕೆ ಹೋದರೆ ತಿಂಗಳಿಗೆ 417. ಮೂರು ಮೂಲೆಯ ಈ ಲೆಕ್ಕದಲ್ಲಿ ಮೊದಲ ಮೂಲೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಉಳಿದೆರಡಕ್ಕೆ ಸ್ವಲ್ಪ ಒಳಗೆ ಇಳಿಯಬೇಕು.

ಜೋಡಿಯ ಖರ್ಚು

ಹ್ಯಾಂಡ್‌ಹೆಲ್ಡನ್ನು ಮನೆಯ ಕನ್ಸೋಲಿಗೆ ಜೋಡಿಸುವ ಆಸೆ ಹಳೆಯದು. ನಿಂಟೆಂಡೊದ ಗೇಮ್ ಬಾಯ್ ಅಡ್ವಾನ್ಸನ್ನು ಗೇಮ್‌ಕ್ಯೂಬ್‌ಗೆ ಸೇರಿಸಲು ಒಂದು ಕೇಬಲ್ ಇತ್ತು. ಫೈನಲ್ ಫ್ಯಾಂಟಸಿ ಕ್ರಿಸ್ಟಲ್ ಕ್ರಾನಿಕಲ್ಸ್ ಎಂಬ ಆಟವನ್ನು ನಾಲ್ವರು ಕೂತು ಆಡಬೇಕಾದರೆ ನಾಲ್ಕು ಗೇಮ್ ಬಾಯ್ ಅಡ್ವಾನ್ಸ್, ನಾಲ್ಕು ಕೇಬಲ್, ಒಂದು ಗೇಮ್‌ಕ್ಯೂಬ್ ಬೇಕಿತ್ತು. ಗೇಮ್‌ಕ್ಯೂಬ್‌ನ ಸಾಮಾನ್ಯ ಕಂಟ್ರೋಲರ್ ಒಬ್ಬರೇ ಆಡುವಾಗ ಮಾತ್ರ ನಡೆಯುತ್ತಿತ್ತು. ಆಟ ಚೆನ್ನಾಗಿತ್ತು, ಆದರೆ ಅದನ್ನು ಪೂರ್ತಿ ನಾಲ್ವರೂ ಸೇರಿ ಆಡಿದವರು ಎಷ್ಟು ಮಂದಿಯೋ!

ಈಗಿನ ಜೋಡಣೆ ಕೇಬಲಿನದ್ದಲ್ಲ, ವೈ-ಫೈಯದ್ದು. ಅದಕ್ಕೇ ತಪ್ಪುವ ಜಾಗವೂ ಬೇರೆ. ಪೋರ್ಟಲ್‌ಗೆ ಕನಿಷ್ಠ 5 ಎಂಬಿಪಿಎಸ್ ವೇಗ ಬೇಕು, 15 ಇದ್ದರೆ ಒಳ್ಳೆಯದು ಎನ್ನುತ್ತದೆ ಸೋನಿ. ಮನೆಯಲ್ಲಿ 100 ಎಂಬಿಪಿಎಸ್ ಫೈಬರ್ ಇದೆಯಲ್ಲ, ಆದರೂ ಚಿತ್ರ ಯಾಕೆ ಒಡೆಯುತ್ತದೆ ಎಂಬ ದೂರು ತುಂಬ ಸಾಮಾನ್ಯ. ಒಂದೇ ಮನೆಯೊಳಗೆ ಆಡುವಾಗ ಆ ಫೈಬರಿನ ವೇಗಕ್ಕೂ ಚಿತ್ರಕ್ಕೂ ಹೆಚ್ಚು ಸಂಬಂಧವಿಲ್ಲ. ಚಿತ್ರ ಹೋಗುವುದು ಪಿಎಸ್5ನಿಂದ ರೂಟರ್‌ಗೆ, ರೂಟರ್‌ನಿಂದ ಪೋರ್ಟಲ್‌ಗೆ. ಪಿಎಸ್5 ಕೂಡ ವೈ-ಫೈಯಲ್ಲೇ ಇದ್ದರೆ ಪ್ರತಿ ದೃಶ್ಯವೂ ಒಂದೇ ಗಾಳಿಯಲ್ಲಿ ಎರಡು ಸಲ ಹಾರಬೇಕು. ಸೆಕೆಂಡಿಗೆ 60 ಚೌಕಟ್ಟು (ಫ್ರೇಮ್) ಎಂದರೆ ಒಂದೊಂದಕ್ಕೂ ಸಿಗುವ ಸಮಯ 16.7 ಮಿಲಿಸೆಕೆಂಡ್. ಪಕ್ಕದ ಮನೆಯ ರೂಟರ್ ಅದೇ ಚಾನೆಲ್ಲಿನಲ್ಲಿದ್ದರೆ ಆ ಸಮಯ ಸರದಿ ಕಾಯುವುದರಲ್ಲೇ ಹೋಗುತ್ತದೆ.

ಇದಕ್ಕೆ ಅಗ್ಗದ ಮದ್ದು ಒಂದು ಲ್ಯಾನ್ ಕೇಬಲ್. ಪಿಎಸ್5ನಿಂದ ರೂಟರ್‌ಗೆ ತಂತಿ ಎಳೆದರೆ ಗಾಳಿಯ ಎರಡು ಹಾರಾಟದಲ್ಲಿ ಒಂದು ಉಳಿಯಿತು. ಆಮೇಲೆ ಪೋರ್ಟಲನ್ನು 5 ಗಿಗಾಹರ್ಟ್ಸ್ ಬ್ಯಾಂಡಿಗೆ ಸೇರಿಸಿ. ರೂಟರ್ ತನ್ನ 2.4, 5 ಗಿಗಾಹರ್ಟ್ಸ್ ಎರಡೂ ಬ್ಯಾಂಡಿಗೆ ಒಂದೇ ಹೆಸರು ಇಟ್ಟಿದ್ದರೆ ಅದರ ಸೆಟ್ಟಿಂಗ್ಸ್‌ಗೆ ಹೋಗಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಡಿ. ಇಲ್ಲದಿದ್ದರೆ ಅದು ಯಾವಾಗ 2.4ಕ್ಕೆ ಜಾರುತ್ತದೆಂದು ಗೊತ್ತಾಗುವುದಿಲ್ಲ. 5 ಗಿಗಾಹರ್ಟ್ಸ್ ವೇಗವಾಗಿದ್ದರೂ ಗೋಡೆಗೆ ಸೋಲುತ್ತದೆ. ಒಂಬತ್ತಿಂಚಿನ ಇಟ್ಟಿಗೆ ಗೋಡೆ ಎರಡು ಅಡ್ಡ ಬಂದರೆ ರೂಟರ್ ಜಾಗ ಬದಲಿಸುವುದೇ ಸರಿ.

ಪಿಎಸ್5 ಕಡೆ ಮಾಡಬೇಕಾದ್ದು ಮೂರು. ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ ರಿಮೋಟ್ ಪ್ಲೇ ಆನ್ ಮಾಡಿ. ಅದೇ ವಿಭಾಗದ ಪವರ್ ಸೇವಿಂಗ್‌ಗೆ ಹೋಗಿ, ರೆಸ್ಟ್ ಮೋಡ್‌ನಲ್ಲಿಯೂ ಇಂಟರ್ನೆಟ್ ಸಂಪರ್ಕ ಉಳಿಯಲಿ, ನೆಟ್‌ವರ್ಕಿನಿಂದ ಪಿಎಸ್5 ಎಬ್ಬಿಸಲು ಬರಲಿ ಎಂಬ ಎರಡು ಆಯ್ಕೆಗಳನ್ನೂ ಆನ್ ಮಾಡಿ. ಎಬ್ಬಿಸುವ ಆಯ್ಕೆಯನ್ನು ಮರೆತರೆ ಪೋರ್ಟಲ್ ಹುಡುಕುತ್ತಲೇ ಇರುತ್ತದೆ, ನೀವು ಎದ್ದುಹೋಗಿ ಪಿಎಸ್5 ಗುಂಡಿ ಒತ್ತಬೇಕಾಗುತ್ತದೆ. ಹೆಡ್‌ಫೋನ್ ವಿಷಯದಲ್ಲೂ ಒಂದು ಮಾತು: ಪೋರ್ಟಲ್‌ಗೆ ಬ್ಲೂಟೂತ್ ಹೆಡ್‌ಸೆಟ್ ಸೇರುವುದಿಲ್ಲ. 3.5 ಮಿಲಿಮೀಟರ್ ತಂತಿಯದ್ದು ನಡೆಯುತ್ತದೆ, ಇಲ್ಲವೇ ಪ್ಲೇಸ್ಟೇಷನ್ ಲಿಂಕ್ ಎಂಬ ಸೋನಿಯದೇ ನಿಸ್ತಂತು ಸಂಪರ್ಕ ಇರುವ ಹೆಡ್‌ಸೆಟ್ ಕೊಳ್ಳಬೇಕು. ಅದೂ ಜೋಡಿಯ ಖರ್ಚಿಗೇ ಸೇರುತ್ತದೆ.

ಮನೆಯಿಂದ ಆಚೆ ಆಡುವಾಗ ಲೆಕ್ಕ ತಿರುವುಮುರುವು. ಆಗ ಮುಖ್ಯವಾಗುವುದು ಮನೆಯ ಸಂಪರ್ಕದ ಅಪ್‌ಲೋಡ್ ವೇಗ. 15 ಎಂಬಿಪಿಎಸ್ ಹರಿವು ಗಂಟೆಗೆ ಸುಮಾರು 6.75 ಜಿಬಿ. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕ್ ಹಾಕಿ ಹಾಟ್‌ಸ್ಪಾಟಿನಲ್ಲಿ ಆಡಿದರೆ 18 ನಿಮಿಷಕ್ಕೆ ಖಾಲಿ. ಡಿಸ್ಕಿನ ಆಟವಾದರೆ ಇನ್ನೊಂದು ತೊಡಕು. ಡಿಸ್ಕ್ ಪಿಎಸ್5ನಲ್ಲೇ ಇರಬೇಕು. ನೀವು ಮೈಸೂರಿನಲ್ಲಿ ಕೂತು ಬೇರೆ ಆಟ ಆಡಬೇಕೆಂದರೆ, ಬೆಂಗಳೂರಿನ ಮನೆಯಲ್ಲಿ ಯಾರಾದರೂ ಡಿಸ್ಕ್ ಬದಲಿಸಿಕೊಡಬೇಕು.

ನಿಂಟೆಂಡೊ ಸ್ವಿಚ್‌ನ ದಾರಿಯೇ ಬೇರೆ. ಅದು ಹ್ಯಾಂಡ್‌ಹೆಲ್ಡೂ ಹೌದು, ಮನೆಯ ಕನ್ಸೋಲೂ ಹೌದು. ಅದನ್ನು ಕೂರಿಸುವ ಡಾಕ್‌ನೊಳಗೆ ಆಟ ಓಡಿಸುವ ಮಿದುಳೇನೂ ಇಲ್ಲ. ಕರೆಂಟು ಕೊಡುವುದು, ಯುಎಸ್‌ಬಿ-ಸಿಯಿಂದ ಬರುವ ಚಿತ್ರವನ್ನು ಎಚ್‌ಡಿಎಂಐಗೆ ಬದಲಿಸುವುದು, ಇಷ್ಟೇ ಅದರ ಕೆಲಸ. ಕರೆಂಟು ಸಾಕಷ್ಟು ಸಿಕ್ಕಾಗ ಸ್ವಿಚ್ ತನ್ನ ಚಿಪ್ಪನ್ನು ಹೆಚ್ಚು ವೇಗದಲ್ಲಿ ಓಡಿಸಿ 720ಪಿ ಬದಲು 1080ಪಿವರೆಗೆ ಚಿತ್ರ ಕೊಡುತ್ತದೆ. ಹಾಗಾಗಿ ಅಡಾಪ್ಟರ್ ಯಾವುದೆಂಬುದು ಮುಖ್ಯ. ಮೊದಲ ಸ್ವಿಚ್‌ನದು 15 ವೋಲ್ಟ್, 2.6 ಆಂಪಿಯರ್. ಹಳೆಯ ಫೋನ್ ಚಾರ್ಜರ್ ಸಿಕ್ಕಿಸಿದರೆ ಬ್ಯಾಟರಿ ತುಂಬುತ್ತದೆ, ಟಿವಿ ಮಾತ್ರ ಕಪ್ಪಗೇ ಇರುತ್ತದೆ. ಸ್ವಿಚ್ 2ಕ್ಕೆ 60 ವಾಟ್ ಅಡಾಪ್ಟರ್ ಬೇಕು. ಹಳೆಯ ಡಾಕ್ ಅದಕ್ಕೆ ಆಗುವುದಿಲ್ಲ. ಸ್ವಿಚ್ ಲೈಟ್ ಅಗ್ಗ ನಿಜ, ಆದರೆ ಅದು ಟಿವಿಗೆ ಸೇರುವುದೇ ಇಲ್ಲ. ಯಾವ ಡಾಕ್ ಕೊಂಡರೂ ಸೇರುವುದಿಲ್ಲ.

ವಾಲ್ವ್ ಕಂಪನಿಯ ಸ್ಟೀಮ್ ಡೆಕ್, ಆಸುಸ್‌ನ ರಾಗ್ ಅಲೈ ಥರದ ಹ್ಯಾಂಡ್‌ಹೆಲ್ಡ್‌ಗಳು ಪಿಸಿಯ ಕುಲ, ಕಂಪ್ಯೂಟರಿನ ಆಟಗಳನ್ನೇ ಓಡಿಸುತ್ತವೆ. ಸಾಮಾನ್ಯ ಯುಎಸ್‌ಬಿ-ಸಿ ಡಾಕ್, ಮಾನಿಟರ್, ಯಾವುದಾದರೊಂದು ಕಂಟ್ರೋಲರ್ ಸಾಕು. ಅವುಗಳಿಗೆ ಜೋಡಿಯ ಖರ್ಚು ಕಡಿಮೆ, ಏಟು ಬೀಳುವುದು ಮಾರುವಾಗ.

ಬೆಲೆ ಯಾಕೆ ಇಳಿಯುತ್ತದೆ, ಯಾಕೆ ಇಳಿಯುವುದಿಲ್ಲ

ನಿಂಟೆಂಡೊದ ಹ್ಯಾಂಡ್‌ಹೆಲ್ಡ್ 3ಡಿಎಸ್ ಅಮೆರಿಕದಲ್ಲಿ 2011ರ ಮಾರ್ಚ್ 27ರಂದು 249.99 ಡಾಲರ್‌ಗೆ ಬಂತು. ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಆಗಸ್ಟ್ 12ಕ್ಕೆ ಅದೇ ಯಂತ್ರ 169.99. ಐದು ತಿಂಗಳು ತುಂಬುವ ಮೊದಲೇ 80 ಡಾಲರ್ ಕಡಿತ. ಹೊಸದರ ಬೆಲೆ ಇಳಿದ ದಿನ ಹಳೆಯದರ ಬೆಲೆಯೂ ಇಳಿಯುತ್ತದೆ. ಮೊದಲು ಕೊಂಡವರ ಸಿಟ್ಟು ತಣಿಸಲು ಕಂಪನಿ 20 ಹಳೆಯ ಆಟಗಳನ್ನು ಪುಕ್ಕಟೆ ಕೊಟ್ಟಿತು, ಅಧ್ಯಕ್ಷ ಸಟೋರು ಇವಾಟಾ ತಮ್ಮ ಸಂಬಳವನ್ನು ಅರ್ಧಕ್ಕೆ ಇಳಿಸಿಕೊಂಡರು.

ಸ್ವಿಚ್‌ನದು ತದ್ವಿರುದ್ಧ ಕಥೆ. 2017ರ ಮಾರ್ಚ್ 3ರಂದು 299.99 ಡಾಲರ್‌ಗೆ ಬಂದದ್ದು ಎಂಟು ವರ್ಷ ಅಮೆರಿಕದಲ್ಲಿ ಅದೇ ಬೆಲೆಯಲ್ಲಿ ನಿಂತಿತು. 2025ರ ಆಗಸ್ಟ್‌ನಲ್ಲಿ ಬದಲಾದದ್ದೂ ಮೇಲಕ್ಕೆ: 339.99. ಓಎಲ್‌ಇಡಿ ಪರದೆಯದು 349.99ರಿಂದ 399.99ಕ್ಕೆ ಏರಿತು, ಲೈಟ್ 199.99ರಿಂದ 229.99ಕ್ಕೆ. ಹೊಸದು ಇಳಿಯದಿದ್ದರೆ ಹಳೆಯದು ಕುಸಿಯುವುದು ಎಲ್ಲಿಗೆ? ನಿಂಟೆಂಡೊ ತನ್ನದೇ ಆಟಗಳ ಬೆಲೆಯನ್ನೂ ಸುಲಭಕ್ಕೆ ಇಳಿಸುವುದಿಲ್ಲ, ಆ ಆಟಗಳು ಬೇರೆ ಯಂತ್ರದಲ್ಲಿ ಸಿಗುವುದೂ ಇಲ್ಲ. 2025ರ ಜೂನ್ 5ರಂದು ಬಂದ 449.99 ಡಾಲರಿನ ಸ್ವಿಚ್ 2ರಲ್ಲಿ ಹಳೆಯ ಗೇಮ್ ಕಾರ್ಡ್‌ಗಳಲ್ಲಿ ಬಹುಪಾಲು ಓಡುವುದರಿಂದ ಕಾರ್ಡ್‌ಗಳ ಬೆಲೆಯೂ ಉಳಿದಿದೆ.

ಪಿಸಿ ಹ್ಯಾಂಡ್‌ಹೆಲ್ಡ್‌ಗಳಿಗೆ ಈ ರಕ್ಷಣೆ ಇಲ್ಲ. ರಾಗ್ ಅಲೈ 2023ರಲ್ಲಿ ಇಲ್ಲಿ 69,990ಕ್ಕೆ ಬಂತು. ಮರುವರ್ಷವೇ ಬಂದ ಅಲೈ ಎಕ್ಸ್‌ನಲ್ಲಿ ಬ್ಯಾಟರಿ 40 ವಾಟ್-ಅವರ್‌ನಿಂದ 80ಕ್ಕೆ ಏರಿತ್ತು. 2025ರ ಅಕ್ಟೋಬರ್‌ನಲ್ಲಿ ಎಕ್ಸ್‌ಬಾಕ್ಸ್ ಹೆಸರು ಸೇರಿದ ಮತ್ತೊಂದು ತಲೆಮಾರು. ಆಟಗಳೆಲ್ಲ ಲ್ಯಾಪ್‌ಟಾಪಿನಲ್ಲೂ ಓಡುತ್ತವೆ, ಹಾಗಾಗಿ ಹಳೆಯದನ್ನೇ ಹುಡುಕಿಕೊಂಡು ಬರುವವರು ಕಡಿಮೆ. ಇವು ಫೋನಿನಂತೆ, ವರ್ಷ ಕಳೆದಂತೆ ಬೆಲೆ ಸವೆಯುತ್ತದೆ. ಮೊದಲ ಅಲೈಯನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೈಕ್ರೋಎಸ್‌ಡಿ ಕಾರ್ಡ್ ಹಾಕಿ, ಭಾರದ ಆಟವೊಂದನ್ನು ಅರ್ಧ ಗಂಟೆ ಓಡಿಸಿ, ಕಾರ್ಡ್ ಇನ್ನೂ ಕಾಣುತ್ತಿದೆಯೇ ನೋಡಬೇಕು. ಬಿಸಿಗೆ ಕಾರ್ಡ್ ರೀಡರ್ ಕೈಕೊಡಬಹುದೆಂದು ಆಸುಸ್ ಕಂಪನಿಯೇ ಒಪ್ಪಿಕೊಂಡಿತ್ತು.

ಪೋರ್ಟಲ್‌ನ ಮರುಮಾರಾಟಕ್ಕೆ ಇನ್ನೊಂದು ಮಿತಿ. ಅದನ್ನು ಕೊಳ್ಳಬಲ್ಲವರು ಈಗಾಗಲೇ ಪಿಎಸ್5 ಇರುವವರು ಮಾತ್ರ. ಮಾರುವಾಗ ಜಾಹೀರಾತಿನಲ್ಲಿ ಅದನ್ನು ಸ್ಪಷ್ಟವಾಗಿ ಬರೆಯಿರಿ, ಇಲ್ಲದಿದ್ದರೆ ಮೂರನೇ ದಿನ ವಾಪಸು ಬರುತ್ತದೆ.

ಬೆಲೆಯನ್ನು ಬಿಡಿಭಾಗದಲ್ಲಿ ಅಡಗಿಸುವ ಪಾಠಕ್ಕೆ ಸೋನಿಯ ಹಳೆಯ ಹ್ಯಾಂಡ್‌ಹೆಲ್ಡ್ ಪಿಎಸ್ ವೀಟಾ ನೋಡಬೇಕು. 2012ರಲ್ಲಿ ಅಮೆರಿಕದಲ್ಲಿ 249.99 ಡಾಲರ್. ಆದರೆ ಅದಕ್ಕೆ ಸೋನಿಯದೇ ವಿಶೇಷ ಮೆಮೊರಿ ಕಾರ್ಡ್ ಬೇಕಿತ್ತು. 32 ಜಿಬಿಯದಕ್ಕೆ 99.99 ಡಾಲರ್. ಇವತ್ತಿಗೂ ಹಳೆಯ ವೀಟಾ ಮಾರುವಾಗ ಕಾರ್ಡ್ ಇದೆಯೇ, ಎಷ್ಟು ಜಿಬಿ ಎಂಬುದೇ ಮೊದಲ ಪ್ರಶ್ನೆ. ಸ್ವಿಚ್ 2ರಲ್ಲೂ ಆ ಕಥೆಯ ನೆರಳಿದೆ. ಒಳಗೆ 256 ಜಿಬಿ ಜಾಗ. ಅದು ತುಂಬಿದರೆ ಸಾಮಾನ್ಯ ಮೈಕ್ರೋಎಸ್‌ಡಿ ಸಾಲದು, ಮೈಕ್ರೋಎಸ್‌ಡಿ ಎಕ್ಸ್‌ಪ್ರೆಸ್ ಕಾರ್ಡೇ ಬೇಕು. ಹಳೆಯ ಕಾರ್ಡ್ ಹಾಕಿದರೆ ಅದರಲ್ಲಿರುವ ಫೋಟೊ, ವಿಡಿಯೊ ತೆಗೆದುಕೊಳ್ಳಬಹುದು, ಆಟ ಇಡಲು ಬರುವುದಿಲ್ಲ.

ಆಟದ ಪೆಟ್ಟಿಗೆಯೊಳಗೆ ಏನಿದೆ

ಮರುಮಾರಾಟದ ಹಣದಲ್ಲಿ ದೊಡ್ಡ ಪಾಲು ಆಟಗಳಿಂದಲೇ ಬರುತ್ತದೆ. ಡೌನ್‌ಲೋಡ್ ಮಾಡಿಕೊಂಡ ಆಟ ನಿಮ್ಮ ಖಾತೆಗೆ ಅಂಟಿರುತ್ತದೆ, ಮಾರಲು ಬರುವುದಿಲ್ಲ. ಸ್ವಿಚ್ 2ರಲ್ಲಿ ಪೆಟ್ಟಿಗೆಯೊಳಗಿನದೂ ಮೂರು ಬಗೆ. ಪೂರ್ತಿ ಆಟ ಇರುವ ಕಾರ್ಡ್: ಹಾಕಿ, ಆಡಿ, ಮಾರಿ. ಗೇಮ್-ಕೀ ಕಾರ್ಡ್: ಇದರಲ್ಲಿ ಆಟವಿಲ್ಲ, ಕೀಲಿ ಮಾತ್ರ. ಮೊದಲ ಸಲ ಇಂಟರ್ನೆಟ್‌ನಿಂದ ಇಳಿಸಿಕೊಳ್ಳಬೇಕು, ಆಮೇಲೂ ಆಡುವಾಗ ಕಾರ್ಡ್ ಒಳಗಿರಬೇಕು. ಇದನ್ನು ಮಾರಬಹುದು, ಸರ್ವರ್ ಇರುವವರೆಗೆ ಕೊಂಡವರಿಗೂ ನಡೆಯುತ್ತದೆ. ಮೂರನೆಯದರಲ್ಲಿ ಬರೀ ಕೋಡ್ ಬರೆದ ಚೀಟಿ. ಒಮ್ಮೆ ಹಾಕಿದರೆ ಮುಗಿಯಿತು, ಪೆಟ್ಟಿಗೆಗೆ ರದ್ದಿಯ ಬೆಲೆ. ಪೆಟ್ಟಿಗೆಯ ಮುಂಭಾಗದ ಕೆಳಗಡೆ ಕೀಲಿಯ ಗುರುತು ಇದೆಯೇ ನೋಡಿಕೊಳ್ಳಿ.

ಡಿಸ್ಕ್ ಡ್ರೈವ್ ಇಲ್ಲದ ಪಿಎಸ್5 ಡಿಜಿಟಲ್ ಆವೃತ್ತಿಗೆ ಪೋರ್ಟಲ್ ಜೋಡಿಸಿದವರಿಗೆ ಈ ಬಾಗಿಲು ಪೂರ್ತಿ ಮುಚ್ಚಿದಂತೆ. ಡಿಸ್ಕ್ ಆವೃತ್ತಿಗೆ ಕೊಡುವ ಹೆಚ್ಚಿನ ಹಣ ನಾಲ್ಕೈದು ದೊಡ್ಡ ಆಟ ಆಡಿ ಮಾರುವಷ್ಟರಲ್ಲಿ ವಾಪಸು ಬಂದಿರುತ್ತದೆ.

ಸೆಕೆಂಡ್ ಹ್ಯಾಂಡ್ ಸ್ವಿಚ್ ನೋಡುವ ಬಗೆ

ನಿಂಟೆಂಡೊ ಸ್ವಿಚ್ಚನ್ನಾಗಲಿ ಸ್ವಿಚ್ 2ನ್ನಾಗಲಿ ಭಾರತದಲ್ಲಿ ಅಧಿಕೃತವಾಗಿ ಮಾರಿಲ್ಲ. ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್‌ನಂಥ ಕಡೆ, ಆನ್‌ಲೈನ್ ಅಂಗಡಿಗಳಲ್ಲಿ ಸಿಗುವುದೆಲ್ಲ ಹೊರಗಿನಿಂದ ತಂದದ್ದು. ಕಂಪನಿಯ ವಾರಂಟಿ ಇಲ್ಲಿ ನಡೆಯುವುದಿಲ್ಲ. ಅಂಗಡಿಯವರು ಕೊಡುವ ಗ್ಯಾರಂಟಿ ಅವರ ಬಾಯಿಮಾತಿನದ್ದು. ಆದ್ದರಿಂದ ಹೊಸದೇ ಆದರೂ ಸೆಕೆಂಡ್ ಹ್ಯಾಂಡ್ ಕೊಳ್ಳುವಷ್ಟೇ ಎಚ್ಚರ ಬೇಕು.

ತುಂಬ ಅಗ್ಗಕ್ಕೆ ಸಿಗುವ ಸ್ವಿಚ್ 2 ಕಂಡರೆ ಮೊದಲು ಭಾಷೆ ನೋಡಿ. ಜಪಾನಿನಲ್ಲಿ ಎರಡು ಬಗೆ ಮಾರುತ್ತಾರೆ. ಎಲ್ಲ ಭಾಷೆಯದು ಬಂದದ್ದು 69,980 ಯೆನ್‌ಗೆ, ಜಪಾನಿ ಭಾಷೆಯದು 49,980ಕ್ಕೆ. ಅಗ್ಗದ್ದರಲ್ಲಿ ಮೆನು ಜಪಾನಿಯಲ್ಲೇ ಇರುತ್ತದೆ, ಬದಲಿಸಲು ಬರುವುದಿಲ್ಲ. ಖಾತೆಯ ದೇಶವೂ ಜಪಾನ್ ಆಗಿರಬೇಕು. ಸೆಟ್ಟಿಂಗ್ಸ್ ತೆರೆದು ಭಾಷೆಯ ಪಟ್ಟಿ ಕಾಣುತ್ತದೆಯೇ ಎಂದು ಅಲ್ಲೇ ನೋಡಿಬಿಡಿ.

ಮೊದಲ ಸ್ವಿಚ್‌ನಲ್ಲೂ ಎರಡು ತಳಿ. 2019ರ ಆಗಸ್ಟ್‌ನಿಂದ ಬಂದದ್ದರಲ್ಲಿ ಬ್ಯಾಟರಿ 4.5ರಿಂದ 9 ಗಂಟೆ, ಅದಕ್ಕಿಂತ ಹಿಂದಿನದರಲ್ಲಿ 2.5ರಿಂದ 6.5. ಸೀರಿಯಲ್ ನಂಬರ್ ಎಕ್ಸ್‌ಕೆ ಎಂದು ಶುರುವಾದರೆ ಹೊಸ ತಳಿ, ಎಕ್ಸ್‌ಎ ಎಂದಾದರೆ ಹಳೆಯದು. ತಮಾಷೆಯೆಂದರೆ 2018ರ ಮಧ್ಯಕ್ಕಿಂತ ಹಿಂದಿನ ತೀರಾ ಹಳೆಯವಕ್ಕೇ ಕೆಲವರು ಹೆಚ್ಚು ಕೊಡುತ್ತಾರೆ. ಅವುಗಳ ಚಿಪ್ಪಿನಲ್ಲಿ ಸಾಫ್ಟ್‌ವೇರ್‌ನಿಂದ ಮುಚ್ಚಲಾಗದ ಒಂದು ಬಿರುಕಿದೆ, ತಿದ್ದಿದ ಸಾಫ್ಟ್‌ವೇರ್ ಹಾಕುವವರಿಗೆ ಅದೇ ಬೇಕು. ಹಾಗೆ ತಿದ್ದಿ ಸಿಕ್ಕಿಬಿದ್ದ ಯಂತ್ರವನ್ನು ನಿಂಟೆಂಡೊ ಆನ್‌ಲೈನ್‌ನಿಂದ ಹೊರಹಾಕುತ್ತದೆ. ನಿಷೇಧ ಯಂತ್ರಕ್ಕೆ, ಖಾತೆಗಲ್ಲ. ಮಾಲೀಕರು ಬದಲಾದರೂ ಅದು ಬಿಡುವುದಿಲ್ಲ.

ನೋಡಲು ಹೋಗುವಾಗ ನಿಮ್ಮದೇ ಗೇಮ್ ಕಾರ್ಡ್ ಒಂದು, ಮೈಕ್ರೋಎಸ್‌ಡಿ ಒಂದು, ಯುಎಸ್‌ಬಿ-ಸಿ ಮೀಟರ್ ಒಂದು ಒಯ್ಯಿರಿ. ಮೊದಲೆರಡು ಯಂತ್ರದ ಕಾರ್ಡ್ ತೂತುಗಳನ್ನು ಪರೀಕ್ಷಿಸಲು. ಮೊದಲು ಫೋನಿನ ಹಾಟ್‌ಸ್ಪಾಟ್‌ಗೆ ಸೇರಿಸಿ ನಿಂಟೆಂಡೊದ ಆನ್‌ಲೈನ್ ಅಂಗಡಿ ಇ-ಶಾಪ್ ತೆರೆಯಿರಿ. 2124-4007 ಎಂಬ ದೋಷದ ಸಂಖ್ಯೆ ಬಂದರೆ ನಿಷೇಧಿತ ಯಂತ್ರ, ಮಾತು ಮುಂದುವರಿಸಬೇಡಿ. ಆಮೇಲೆ ಮೈಮೇಲೆ ಚಾರ್ಜಿಂಗ್ ತೂತಿನ ಬಳಿ ಇರುವ ಸೀರಿಯಲ್ ನಂಬರನ್ನೂ ಸೆಟ್ಟಿಂಗ್ಸ್ ಒಳಗೆ ಕಾಣುವುದನ್ನೂ ಹೋಲಿಸಿ. ಎರಡೂ ಬೇರೆಯಾಗಿದ್ದರೆ ಬೋರ್ಡೋ ಕವಚವೋ ಬದಲಾಗಿದೆ.

ಸ್ವಿಚ್‌ನ ಆಚೀಚೆ ಸಿಕ್ಕಿಸುವ ಕಂಟ್ರೋಲರ್‌ಗಳೇ ಜಾಯ್‌ಕಾನ್. ಜಾಯ್‌ಕಾನ್ ಡ್ರಿಫ್ಟ್ ಎಲ್ಲರಿಗೂ ಗೊತ್ತಿರುವ ಕಾಯಿಲೆ. ಸ್ಟಿಕ್ ಒಳಗಿನ ಕಾರ್ಬನ್ ಪಟ್ಟಿ ಸವೆದು, ಮುಟ್ಟದೆ ಇದ್ದರೂ ಪಾತ್ರ ತಾನೇ ನಡೆಯತೊಡಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಸ್ಟಿಕ್ ಕ್ಯಾಲಿಬ್ರೇಷನ್ ಪುಟಕ್ಕೆ ಹೋಗಿ, ಸ್ಟಿಕ್ಕನ್ನು ಅಂಚಿನ ಸುತ್ತ ನಾಲ್ಕು ಸಲ ತಿರುಗಿಸಿ ಬಿಡಿ. ಚುಕ್ಕೆ ನಡುವಿಗೆ ಬಂದು ನಿಲ್ಲಬೇಕು. ಒಂದು ಕಡೆ ವಾಲಿ ನಡುಗುತ್ತಿದ್ದರೆ ಸ್ಟಿಕ್ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಬದಲಿಸುವುದೇ ಆದರೆ ಅಯಸ್ಕಾಂತದ ಮೇಲೆ ಕೆಲಸ ಮಾಡುವ ಹಾಲ್ ಎಫೆಕ್ಟ್ ಸ್ಟಿಕ್ ಹಾಕಿಸಿ. ಅದರಲ್ಲಿ ಉಜ್ಜಿ ಸವೆಯುವ ಪಟ್ಟಿಯಿಲ್ಲ.

ಮೀಟರ್ ಬೇಕಾಗುವುದು ಚಾರ್ಜಿಂಗ್ ನೋಡಲು. ಸ್ವಿಚ್‌ನದೇ ಅಡಾಪ್ಟರ್ ಹಾಕಿದಾಗ ಮೀಟರ್ 15 ವೋಲ್ಟ್‌ಗೆ ಏರಬೇಕು. 5 ವೋಲ್ಟ್, 0.4 ಆಂಪಿಯರ್‌ನಲ್ಲೇ ಕೂತಿದ್ದರೆ ಬೋರ್ಡಿನ ಮೇಲಿನ ಚಾರ್ಜಿಂಗ್ ಚಿಪ್ಪೊಂದು ಸುಟ್ಟಿರುವ ಸಾಧ್ಯತೆ ಹೆಚ್ಚು. ಚಾರ್ಜ್ ಸರಿಯಾಗಿ ಆಗಿಯೂ ಡಾಕ್‌ನಲ್ಲಿಟ್ಟರೆ ಟಿವಿಗೆ ಚಿತ್ರ ಬರದಿದ್ದರೆ, ಮೊದಲು ಅಡಾಪ್ಟರನ್ನು ಗೋಡೆಯಿಂದಲೂ ಡಾಕ್‌ನಿಂದಲೂ ಕಿತ್ತು ಅರ್ಧ ನಿಮಿಷ ಬಿಟ್ಟು ಮತ್ತೆ ಹಾಕಿ ನೋಡಿ. ಆಗಲೂ ಕಪ್ಪಾದರೆ ಟಾರ್ಚ್ ಹಿಡಿದು ಯುಎಸ್‌ಬಿ-ಸಿ ತೂತಿನೊಳಗಿನ ಪಿನ್‌ಗಳು ಬಾಗಿವೆಯೇ ನೋಡಿ. ಹಿಂಬದಿಯ ಕವಚ ನಡುವೆ ಉಬ್ಬಿದ್ದರೆ ಬ್ಯಾಟರಿ ಊದಿದೆ, ಅದನ್ನು ಚಾರ್ಜಿಗೆ ಹಾಕಲೇಬೇಡಿ. ಕೊನೆಗೆ ಎರಡೂ ಜಾಯ್‌ಕಾನನ್ನು ಪಕ್ಕದ ಹಳಿಗೆ ಜಾರಿಸಿ, ಅವು ಅಂಟಿಕೊಂಡಂತೆ ಪರದೆಯಲ್ಲಿ ತೋರುತ್ತವೆಯೇ, ಚಾರ್ಜ್ ಆಗುತ್ತವೆಯೇ ಖಚಿತಮಾಡಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ಗೇಮ್ ಕಾರ್ಡಿಗೂ ಈಗ ಒಂದು ಅಪಾಯ ಅಂಟಿಕೊಂಡಿದೆ. ಪ್ರತಿ ಕಾರ್ಡಿಗೂ ತನ್ನದೇ ಗುರುತಿನ ಪ್ರಮಾಣಪತ್ರ ಇರುತ್ತದೆ. ಯಾರೋ ಅದರ ನಕಲು ತೆಗೆದು ತಾವೂ ಆಡುತ್ತಾ ಅಸಲಿಯನ್ನು ನಿಮಗೆ ಮಾರಿದರೆ, ಒಂದೇ ಗುರುತು ಎರಡು ಯಂತ್ರದಲ್ಲಿ ಕಂಡು ನಿಮ್ಮದೂ ನಿಷೇಧಕ್ಕೆ ಸಿಗಬಹುದು. ಕೊಂಡ ರಸೀದಿ, ಮಾರಿದವರ ಜೊತೆಗಿನ ಮಾತಿನ ಸ್ಕ್ರೀನ್‌ಶಾಟ್, ಕಾರ್ಡಿನ ಫೋಟೊ ಇಟ್ಟುಕೊಂಡಿದ್ದರೆ ಕಂಪನಿಗೆ ತೋರಿಸಿ ಬಿಡಿಸಿಕೊಳ್ಳಲು ಆಧಾರವಾಗುತ್ತದೆ.

ಮಾರುವವರಿಗೆ

ಕ್ರಮ ತಪ್ಪಿದರೆ ಕಳೆದುಕೊಳ್ಳುವುದು ಸೇವ್ ಫೈಲ್, ಅಂದರೆ ಆಟದಲ್ಲಿ ಎಲ್ಲಿಯವರೆಗೆ ಬಂದಿದ್ದೀರಿ ಎಂಬ ದಾಖಲೆ. ಮೊದಲು ಅದನ್ನು ಹೊಸ ಯಂತ್ರಕ್ಕೋ ಕ್ಲೌಡಿಗೋ ದಾಟಿಸಿ. ಪೋಕೆಮಾನ್ ಸ್ವೋರ್ಡ್, ಶೀಲ್ಡ್, ಸ್ಪ್ಲಟೂನ್ 2 ಥರದ ಕೆಲವಕ್ಕೆ ಕ್ಲೌಡ್ ಸೇವ್ ಇಲ್ಲ. ಹೊಸದೂ ಮೊದಲ ತಲೆಮಾರಿನ ಸ್ವಿಚ್ಚೇ ಆದರೆ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡೇ ಸಾಗಿಸಬೇಕು, ಹಾಗಾಗಿ ಹೊಸದು ಕೈಗೆ ಬರುವ ಮೊದಲು ಹಳೆಯದನ್ನು ಕೊಟ್ಟುಬಿಡಬೇಡಿ. ಆಮೇಲೆ ನಿಮ್ಮ ಖಾತೆಯನ್ನು ಯಂತ್ರದಿಂದ ಬಿಡಿಸಿ, ಮೈಕ್ರೋಎಸ್‌ಡಿ ಹೊರಗೆ ತೆಗೆದು, ಫಾರ್ಮ್ಯಾಟಿಂಗ್ ಆಯ್ಕೆಗಳಲ್ಲಿ ಇನಿಷಿಯಲೈಸ್ ಕೊಡಿ. ಪಿಎಸ್5 ಆದರೆ ಅಳಿಸುವ ಮೊದಲು ಕನ್ಸೋಲ್ ಶೇರಿಂಗ್ ಆಫ್ ಮಾಡಿ.

ತಿಂಗಳುಗಟ್ಟಲೆ ಆಡದೆ ಇಡುವ ಯಂತ್ರವನ್ನು ಆರು ತಿಂಗಳಿಗೊಮ್ಮೆಯಾದರೂ ಚಾರ್ಜ್ ಮಾಡಿ. ಪೂರ್ತಿ ಇಳಿದು ಮಲಗಿದ ಲಿಥಿಯಂ ಬ್ಯಾಟರಿ ಮತ್ತೆ ಏಳದೆಯೂ ಇರಬಹುದು. ಕೊರಿಯರ್‌ನಲ್ಲಿ ಕಳಿಸುವುದಾದರೆ ಪೂರ್ತಿ ಬಂದ್ ಮಾಡಿ, ಜಾಯ್‌ಕಾನ್‌ಗಳನ್ನು ಹಳಿಯಿಂದ ಬಿಚ್ಚಿ ಬೇರೆ ಬೇರೆ ಸುತ್ತಿ. ಹಾಕಿಯೇ ಕಳಿಸಿದರೆ ಪೆಟ್ಟಿಗೆಯ ಮೇಲೆ ಬೀಳುವ ಭಾರವೆಲ್ಲ ಆ ಎರಡು ಪುಟ್ಟ ಸ್ಟಿಕ್‌ಗಳ ಮೇಲೇ ಕೂರುತ್ತದೆ.